ಸಂತೆಯ ಚೀಲದಲ್ಲೇ ಜೀವಕೋಶ: ಉಳ್ಳಾಗಡ್ಡಿ, ಹತ್ತಿ, ಜೋಳದ ದಂಟು ಇಟ್ಟುಕೊಂಡು ಕಲಿಯುವುದು ಹೇಗೆ

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಜೀವಕೋಶದ ದೊಡ್ಡ ಚಿತ್ರ ಇದೆಯಲ್ಲ, ಅದನ್ನು ಸದ್ಯ ಮುಚ್ಚಿಡಿ. ಆ ಚಿತ್ರದಲ್ಲಿ ಎಲ್ಲವೂ ಇದೆ. ನ್ಯೂಕ್ಲಿಯಸ್, ರಸದಾನಿ, ಹಸಿರು ಕಣ, ಮೈಟೋಕಾಂಡ್ರಿಯ, ಒಂದೂ ಬಿಟ್ಟಿಲ್ಲ. ತೊಂದರೆ ಏನೆಂದರೆ ಅಂಥ ಕೋಶ ಯಾವ ಗಿಡದಲ್ಲೂ ಯಾವ ಪ್ರಾಣಿಯಲ್ಲೂ ಹಾಗೆ ಕಾಣುವುದಿಲ್ಲ. ಉಳ್ಳಾಗಡ್ಡಿಯ ಬಿಳಿ ಪದರದಲ್ಲಿ ಹಸಿರು ಕಣ ಇಲ್ಲ. ನಮ್ಮ ರಕ್ತದ ಬಲಿತ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ಸೇ ಇಲ್ಲ. ಒಣಗಿದ ಹತ್ತಿಯ ಎಳೆಯೊಳಗೆ ಟೊಳ್ಳು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಉಳಿದಿರುವುದಿಲ್ಲ. ಮಾಡುವ ಕೆಲಸಕ್ಕೆ ತಕ್ಕ ಹಾಗೆ ಕೋಶ ಬದಲಾಗುತ್ತದೆ. ಒಂದೇ ಥರದ ಕೋಶಗಳು ಒಂದೇ ಕೆಲಸಕ್ಕೆ ಒಟ್ಟಾಗಿ ನಿಂತರೆ ಅದು ಅಂಗಾಂಶ. ಇಷ್ಟು ಗೊತ್ತಿದ್ದರೆ ಶುರು ಮಾಡಲು ಸಾಕು.

ನಾನು ಹೇಳುವ ಕ್ರಮ ಪುಸ್ತಕದ ಕ್ರಮಕ್ಕೆ ಉಲ್ಟಾ. ಮೊದಲು ನೋಡಿ. ಕಂಡಷ್ಟನ್ನೇ ಪೆನ್ಸಿಲ್‌ನಲ್ಲಿ ಬಿಡಿಸಿ. ಹೆಸರು ಆಮೇಲೆ ಹಾಕಿ. ಬೇಕಾದ ವಸ್ತು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಯಾವ ಸಂತೆಯಲ್ಲಾದರೂ ಸಿಗುತ್ತದೆ, ಹೊಲ ಇದ್ದವರಿಗಂತೂ ಪುಕ್ಕಟೆ.

ಏನೇನು ಬೇಕು

ಸೂಕ್ಷ್ಮದರ್ಶಕ ಬೇಕು. ಎಷ್ಟೋ ಪ್ರೌಢಶಾಲೆಗಳಲ್ಲಿ ಅದು ಕಪಾಟಿನೊಳಗೆ ಸುಮ್ನೆ ಕೂತಿರುತ್ತದೆ. ಗುರುಗಳನ್ನು ಕೇಳಿ ಹೊರಗೆ ತೆಗೆಸಿ. ಕಣ್ಣಿನ ಕಡೆಯ ಮಸೂರ 10 ಪಟ್ಟು, ಕೆಳಗಿನದು 10 ಪಟ್ಟು ಇದ್ದರೆ ಒಟ್ಟು 100 ಪಟ್ಟು ದೊಡ್ಡದಾಗಿ ಕಾಣುತ್ತದೆ. ಕೆಳಗಿನದನ್ನು 40ಕ್ಕೆ ತಿರುಗಿಸಿದರೆ 400 ಪಟ್ಟು. ಈ ಲೇಖನದ ಎಲ್ಲ ಕೆಲಸಕ್ಕೂ ಇವೆರಡೇ ಸಾಕು. ಶಾಲೆಯಲ್ಲಿ ಇಲ್ಲದಿದ್ದರೆ ಫೋಲ್ಡ್‌ಸ್ಕೋಪ್ ನೋಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ಅದು. ಸುಮಾರು 140 ಪಟ್ಟು ತೋರಿಸುತ್ತದೆ, ಅಂಗಿಯ ಕಿಸೆಯಲ್ಲಿ ಹಿಡಿಯುತ್ತದೆ.

ಉಳಿದದ್ದು ಸಣ್ಣಪುಟ್ಟ ಸಾಮಾನು. ಗಾಜಿನ ಸ್ಲೈಡು, ಮೇಲೆ ಮುಚ್ಚುವ ತೆಳು ಕವರ್ ಸ್ಲಿಪ್, ಹೊಸ ಬ್ಲೇಡು, ಎರಡು ಸೂಜಿ, ಸಣ್ಣ ಕುಂಚ, ಡ್ರಾಪರ್, ಟಿಶ್ಯೂ ಕಾಗದ. ಬಣ್ಣಕ್ಕೆ ಲ್ಯಾಬಿನ ಬಾಟಲಿಯನ್ನೇ ಕಾಯಬೇಕಾಗಿಲ್ಲ. ಮೆಡಿಕಲ್ ಅಂಗಡಿಯ ಟಿಂಚರ್ ಅಯೋಡಿನ್ ತಂದು, ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ. ಮೀನಿನ ಅಕ್ವೇರಿಯಂ ಅಂಗಡಿಯಲ್ಲಿ ಮೆಥಿಲೀನ್ ಬ್ಲೂ ಸಿಗುತ್ತದೆ. ಅದು ಪ್ರಾಣಿ ಕೋಶಕ್ಕೆ ಒಳ್ಳೆಯದು. ಸಫ್ರಾನಿನ್ ಎಂಬ ಕೆಂಪು ಬಣ್ಣ ಮಾತ್ರ ಲ್ಯಾಬ್ ಸಾಮಾನಿನ ಅಂಗಡಿಯಿಂದಲೇ ತರಬೇಕು. ಗಿಡದ ದಂಟು ನೋಡುವಾಗ ಅದು ಬೇಕಾಗುತ್ತದೆ. ಈ ಬಣ್ಣಗಳು ಬಟ್ಟೆಗೆ ಬಿದ್ದರೆ ಸುಲಭಕ್ಕೆ ಹೋಗುವುದಿಲ್ಲ, ಹಳೆಯ ಅಂಗಿ ಹಾಕಿಕೊಂಡು ಕೂಡಿ.

ಕನ್ನಡಿ ಇರುವ ಸೂಕ್ಷ್ಮದರ್ಶಕವಾದರೆ ಅದನ್ನು ಯಾವತ್ತೂ ಸೂರ್ಯನ ಕಡೆ ತಿರುಗಿಸಬೇಡಿ. ಕಣ್ಣು ಹೋಗುತ್ತದೆ. ಕಿಟಕಿಯ ಹೊರಗಿನ ಬಯಲು ಆಕಾಶದ ಬೆಳಕು ಸಾಕು, ಇಲ್ಲವೇ ಟೇಬಲ್ ಲೈಟ್ ಇಟ್ಟುಕೊಳ್ಳಿ.

ಮೊದಲು ಉಳ್ಳಾಗಡ್ಡಿ

ಎಲ್ಲರೂ ಉಳ್ಳಾಗಡ್ಡಿಯಿಂದಲೇ ಶುರು ಮಾಡುವುದಕ್ಕೆ ಕಾರಣ ಇದೆ. ಅದರ ಸಿಪ್ಪೆ ಒಂದೇ ಕೋಶದಷ್ಟು ದಪ್ಪ. ಬೆಳಕು ಸಲೀಸಾಗಿ ಹಾಯುತ್ತದೆ.

1. ಗಡ್ಡೆಯನ್ನು ನಾಲ್ಕು ಹೋಳು ಮಾಡಿ, ಒಳಗಿನ ಒಂದು ರಸಭರಿತ ಪದರ ಬಿಡಿಸಿಕೊಳ್ಳಿ.
2. ಪದರದ ಒಳಬಾಗಿದ ಮೈಯನ್ನು ಉಗುರಿನಿಂದ ಮೆಲ್ಲಗೆ ಕೀಳಿ. ಗಾಜಿನ ಹಾಳೆಯಂಥ ತೆಳು ಪೊರೆ ಬರುತ್ತದೆ.
3. ಸ್ಲೈಡಿನ ಮೇಲೆ ಮೊದಲು ಒಂದು ಹನಿ ನೀರು, ಆಮೇಲೆ ಪೊರೆ. ಮಡಿಕೆ ಬಿದ್ದರೆ ಸೂಜಿಯಿಂದ ಬಿಡಿಸಿ.
4. ಒಂದು ಹನಿ ಅಯೋಡಿನ್ ಹಾಕಿ ಎರಡು ನಿಮಿಷ ಬಿಡಿ.
5. ಕವರ್ ಸ್ಲಿಪ್‌ನ ಒಂದು ಅಂಚನ್ನು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಇಟ್ಟು ನಿಧಾನ ಇಳಿಸಿ.

ಐದನೆಯ ಹಂತದಲ್ಲಿ ಅವಸರ ಮಾಡಿದರೆ ಗಾಳಿಗುಳ್ಳೆ ಸಿಕ್ಕಿಬೀಳುತ್ತದೆ. ದುಂಡಗೆ, ದಪ್ಪ ಕಪ್ಪು ಅಂಚಿನ ಆ ಗುಳ್ಳೆಯನ್ನೇ ಮಕ್ಕಳು ಜೀವಕೋಶ ಎಂದು ಚಂದಾಗಿ ಬಿಡಿಸುವುದನ್ನು ನೋಡಬೇಕು! ಕವರ್ ಸ್ಲಿಪ್ಪನ್ನು ಮೆಲ್ಲಗೆ ಒತ್ತಿ ನೋಡಿ. ಕದಲಿ ಆಕಾರ ಬದಲಾದರೆ ಅದು ಗುಳ್ಳೆ.

ನೋಡುವಾಗ ಮೊದಲು 10ರ ಮಸೂರ. ಚಿತ್ರ ಸ್ಪಷ್ಟವಾದ ಮೇಲೆ 40ಕ್ಕೆ ತಿರುಗಿಸಿ, ಸಣ್ಣ ತಿರುಪನ್ನು ಮಾತ್ರ ಮುಟ್ಟಿ. ದೊಡ್ಡ ತಿರುಪು ತಿರುಗಿಸಿದರೆ ಮಸೂರ ಬಂದು ಸ್ಲೈಡಿಗೆ ಬಡಿಯುತ್ತದೆ, ಗಾಜು ಒಡೆಯುತ್ತದೆ.

ಕಾಣುವುದು ಉದ್ದುದ್ದ ಕೋಣೆಗಳ ಸಾಲು. ಗಟ್ಟಿ ಗೆರೆ ಕೋಶಭಿತ್ತಿ. ಒಳಗೆ ಒಂದು ಬದಿಗೆ ಹಳದಿ ಮಿಶ್ರಿತ ಕಂದು ಚುಕ್ಕೆ, ಅದೇ ನ್ಯೂಕ್ಲಿಯಸ್, ನಮ್ಮ ಪುಸ್ತಕಗಳ ಕೋಶಕೇಂದ್ರ. ಕೇಂದ್ರ ಎಂಬ ಹೆಸರಿದ್ದರೂ ನಡುವೆ ಕೂತಿರುವುದು ಅಪರೂಪ. ನಡುವಿನ ಜಾಗವನ್ನೆಲ್ಲ ರಸದಾನಿ ಹಿಡಿದುಕೊಂಡಿರುತ್ತದೆ. ಅದು ಬಣ್ಣವಿಲ್ಲದ ನೀರಿನ ಚೀಲ, ಆದ್ದರಿಂದ ಕಾಣುವುದಿಲ್ಲ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದು ಬರೀ ಸತ್ತ ಕೋಶಗಳ ಗೋಡೆ. ನ್ಯೂಕ್ಲಿಯಸ್ ಗಿಡಗಳ ಕೋಶಗಳಲ್ಲಿ ಸಾಮಾನ್ಯವಾಗಿ ಬರುವ ಭಾಗ ಎಂದು ರಾಬರ್ಟ್ ಬ್ರೌನ್ ಗುರುತಿಸಿ ಹೆಸರಿಟ್ಟದ್ದು 1831ರಲ್ಲಿ. ನೀವು ಒಂದು ಹನಿ ಅಯೋಡಿನ್‌ನಿಂದ ಎರಡನ್ನೂ ಒಟ್ಟಿಗೆ ನೋಡುತ್ತೀರಿ.

ಕೆಂಪು ಸಿಪ್ಪೆ, ಉಪ್ಪು ನೀರು

ಈಗ ಅದೇ ಗಡ್ಡೆಯ ಹೊರಬಾಗಿದ ಮೈ. ನಮ್ಮ ಕಡೆ ಬೆಳೆಯುವ ಕೆಂಪು ಉಳ್ಳಾಗಡ್ಡಿಯ ಈ ಮೈ ನೇರಳೆ ಕೆಂಪಾಗಿರುತ್ತದೆ. ಆ ಬಣ್ಣ ಇರುವುದು ರಸದಾನಿಯೊಳಗೆ. ಅಂದರೆ ಮೊದಲು ಕಾಣದೇ ಹೋದ ರಸದಾನಿ ಇಲ್ಲಿ ತಾನೇ ಬಣ್ಣ ತೊಟ್ಟುಕೊಂಡು ಕೂತಿದೆ. ಈ ಪೊರೆಗೆ ಯಾವ ಬಣ್ಣವನ್ನೂ ಹಾಕಬೇಡಿ. ನೀರಿನಲ್ಲೇ ಇಟ್ಟು ನೋಡಿ, ಕೋಶದ ತುಂಬ ಕೆಂಪು.

ಅರ್ಧ ಲೋಟ ನೀರಿಗೆ ಎರಡು ಚಮಚ ಉಪ್ಪು ಕರಗಿಸಿ. ಕವರ್ ಸ್ಲಿಪ್‌ನ ಒಂದು ಅಂಚಿಗೆ ಒಂದು ಹನಿ ಉಪ್ಪುನೀರು ಬಿಡಿ, ಎದುರಿನ ಅಂಚಿಗೆ ಟಿಶ್ಯೂ ಕಾಗದ ಹಿಡಿಯಿರಿ. ಕಾಗದ ನೀರನ್ನು ಎಳೆದುಕೊಳ್ಳುತ್ತದೆ, ಉಪ್ಪುನೀರು ಒಳಗೆ ಹರಿಯುತ್ತದೆ. ಕಣ್ಣು ತೆಗೆಯಬೇಡಿ. ಕೆಲವೇ ನಿಮಿಷದಲ್ಲಿ ಕೆಂಪು ಮುದ್ದೆ ಗೋಡೆಯಿಂದ ಬಿಡಿಸಿಕೊಂಡು ಒಳಗೆ ಸರಿಯುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಗೋಡೆ ಮತ್ತು ಮುದ್ದೆಯ ನಡುವೆ ಈಗ ಕಾಣುವ ಕೆಂಪಿನ ಅಂಚು, ಅಲ್ಲೇ ಕೋಶಪೊರೆ ಇದೆ. ಪುಸ್ತಕದಲ್ಲಿ ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ ಎಂದು ಎಷ್ಟು ಸಲ ಓದಿದರೂ ತಲೆಗೆ ಹೋಗದ ಮಾತು ಇಲ್ಲಿ ಒಂದೇ ನೋಟಕ್ಕೆ ಹೋಗುತ್ತದೆ.

ಇನ್ನೂ ಮುಗಿದಿಲ್ಲ. ಅದೇ ರೀತಿ ಸಾದಾ ನೀರು ಹರಿಸಿದರೆ ಮುದ್ದೆ ಮತ್ತೆ ಉಬ್ಬಿ ಗೋಡೆಗೆ ತಾಗುತ್ತದೆ. ಆದರೆ ಕುದಿಸಿದ ಕೆಂಪು ಸಿಪ್ಪೆಯಲ್ಲಿ ಈ ಆಟ ನಡೆಯುವುದಿಲ್ಲ. ಕುದಿಯುವಾಗ ಪೊರೆ ಹಾಳಾಗಿ ಬಣ್ಣವೆಲ್ಲ ನೀರಿಗೆ ಬಂದಿರುತ್ತದೆ, ಗೋಡೆ ಮಾತ್ರ ಉಳಿದಿರುತ್ತದೆ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಆರಿಸುವ ಶಕ್ತಿ ಪೊರೆಗೆ ಕೋಶ ಬದುಕಿರುವ ತನಕ ಮಾತ್ರ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮಾರನೇ ದಿನ ಬರಣಿಯಲ್ಲಿ ನೀರು ನಿಂತಿರುತ್ತದಲ್ಲ, ಅದಕ್ಕೂ ಉಪ್ಪಿನ ಈ ಎಳೆತವೇ ಕಾರಣ.

ಈ ಪಾಠದಲ್ಲಿ ಒಂದೇ ಪ್ರಯೋಗ ಮಾಡಲು ಸಮಯ ಇದ್ದರೆ ಇದನ್ನೇ ಮಾಡಿ ಎನ್ನುತ್ತೇನೆ.

ಅಳತೆ ಮಾಡದೆ ಮುಂದೆ ಹೋಗಬೇಡಿ

ಎಷ್ಟು ಸಣ್ಣದು ಎಂಬ ಅಂದಾಜು ಇಲ್ಲದಿದ್ದರೆ ನೋಡಿದ್ದು ಅರ್ಧ ನೋಡಿದ ಹಾಗೆ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು 10ರ ಮಸೂರದ ಕೆಳಗೆ ಇಡಿ. ಕಾಣುವ ಬೆಳಕಿನ ವೃತ್ತದ ಅಡ್ಡಳತೆ ಎಷ್ಟು ಮಿಲಿಮೀಟರ್ ಎಂದು ಎಣಿಸಿ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮಿಲಿಮೀಟರ್ ಬರುತ್ತದೆ. ವೃತ್ತ 1.8 ಮಿಲಿಮೀಟರ್, ಅದರಲ್ಲಿ ಉದ್ದಕ್ಕೆ 6 ಕೋಶ ಹಿಡಿದರೆ ಒಂದೊಂದು 0.3 ಮಿಲಿಮೀಟರ್, ಅಂದರೆ 300 ಮೈಕ್ರಾನ್. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ನಿಮ್ಮ ಕೆನ್ನೆಯ ಒಳಗಿನ ಕೋಶ ಸುಮಾರು 50 ರಿಂದ 60 ಮೈಕ್ರಾನ್. ಕೆಂಪು ರಕ್ತಕಣ ಏಳೆಂಟು ಮೈಕ್ರಾನ್. ಮೊಸರಿನ ಬ್ಯಾಕ್ಟೀರಿಯಾ ಕೆಲವೇ ಮೈಕ್ರಾನ್ ಉದ್ದ. ಅವು 400 ಪಟ್ಟಿನಲ್ಲೂ ಬರೀ ಸಣ್ಣ ಚುಕ್ಕೆ, ಕಡ್ಡಿಗಳ ಹಾಗೆ ಕಾಣುತ್ತವೆ. ಒಂದು ಹನಿ ಮೊಸರಿನ ನೀರನ್ನು ಸ್ಲೈಡಿನ ಮೇಲೆ ತೆಳ್ಳಗೆ ಬಳಿದು ಒಣಗಿಸಿ ಮೆಥಿಲೀನ್ ಬ್ಲೂ ಹಾಕಿ ನೋಡಿ. ಅವುಗಳಲ್ಲಿ ಪೊರೆ ಸುತ್ತಿದ ನ್ಯೂಕ್ಲಿಯಸ್ ಇರುವುದಿಲ್ಲ.

ಹಸಿರು ಕಣ, ಕೆಂಪು ಕಣ, ಬಿಳಿ ಕಣ

ಅಕ್ವೇರಿಯಂ ಅಂಗಡಿಯಲ್ಲಿ ಹೈಡ್ರಿಲ್ಲಾ ಎಂಬ ನೀರಿನ ಗಿಡ ಸಿಗುತ್ತದೆ. ಅದರ ತುದಿಯ ಒಂದು ಎಳೆ ಎಲೆ ಕಿತ್ತು ನೀರಿನ ಹನಿಯಲ್ಲಿಡಿ. ಕೊಯ್ಯುವುದು, ಬಣ್ಣ ಹಾಕುವುದು ಏನೂ ಬೇಡ, ಎಲೆಯೇ ಎರಡು ಕೋಶದಷ್ಟು ದಪ್ಪ. ಹತ್ತು ಹದಿನೈದು ನಿಮಿಷ ದೀಪದ ಬೆಳಕಿನಲ್ಲಿ ಇಟ್ಟು 400 ಪಟ್ಟಿನಲ್ಲಿ ನೋಡಿ. ಹಸಿರು ಕಣಗಳು, ಅಂದರೆ ಕ್ಲೋರೋಪ್ಲಾಸ್ಟ್‌ಗಳು, ಗೋಡೆಯ ಅಂಚು ಹಿಡಿದು ಸುತ್ತುತ್ತಿರುತ್ತವೆ. ಎಲೆಯ ನಡುನರದ ಹತ್ತಿರದ ಕೋಶಗಳಲ್ಲಿ ಇದು ಜಾಸ್ತಿ ಸ್ಪಷ್ಟ. ಕಣಗಳು ತಾವಾಗಿ ಓಡುತ್ತಿಲ್ಲ, ಕೋಶದೊಳಗಿನ ದ್ರವ, ಅಂದರೆ ಕೋಶದ್ರವ್ಯ ಹರಿಯುತ್ತಿದೆ, ಕಣಗಳು ಅದರ ಜೊತೆ ಸಾಗುತ್ತಿವೆ.

ಕೆಂಪಿಗೆ ಬ್ಯಾಡಗಿ ಮೆಣಸಿನಕಾಯಿಗಿಂತ ಬೇರೆ ಏನು ಬೇಕು? ಒಣಗಿದ್ದು ಬೇಡ, ಗಿಡದಲ್ಲೇ ಹಣ್ಣಾದ ಹಸಿ ಕಾಯಿ ಬೇಕು. ಒಳಗಿನ ತಿರುಳನ್ನು ಬ್ಲೇಡಿನಿಂದ ಕೆರೆದು ತೆಗೆದು, ಉಳಿದ ತೆಳು ಸಿಪ್ಪೆಯ ಚೂರನ್ನು ನೋಡಿ. ಕೋಶದೊಳಗೆ ಕೆಂಪು ಕಿತ್ತಳೆ ಕಣಗಳ ರಾಶಿ. ಇವು ಕ್ರೋಮೋಪ್ಲಾಸ್ಟ್‌ಗಳು. ಕಾಯಿ ಹಸಿರಿದ್ದಾಗ ಇವೇ ಕ್ಲೋರೋಪ್ಲಾಸ್ಟ್ ಆಗಿದ್ದವು, ಹಣ್ಣಾಗುವಾಗ ರೂಪ ಬದಲಿಸಿವೆ. ಇಲ್ಲಿ ಒಂದು ಗಮನಿಸಿ: ಉಳ್ಳಾಗಡ್ಡಿಯ ಕೆಂಪು ರಸದಾನಿಯ ನೀರಿನಲ್ಲಿ ಕರಗಿತ್ತು, ಮೆಣಸಿನಕಾಯಿಯ ಕೆಂಪು ಕಣಗಳಲ್ಲಿದೆ. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ, ಉಳ್ಳಾಗಡ್ಡಿಯದು ನೀರಿನಲ್ಲಿ ಬಿಡುತ್ತದೆ. ಒಗ್ಗರಣೆ ಹಾಕುವವರು ಇದನ್ನು ದಿನಾ ನೋಡುತ್ತಾರೆ. ಖಾರ ಮಾತ್ರ ಇವೆರಡಕ್ಕೂ ಸೇರಿದ್ದಲ್ಲ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ದಿಂಡಿನ ಅಂಗಾಂಶದಲ್ಲಿ ಖಾರ ತಯಾರಾಗುತ್ತದೆ. ಬೀಜಕ್ಕೆ ಬರುವುದು ಮೇಲಿನಿಂದ ತಾಗಿದ್ದು ಅಷ್ಟೆ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ನಾವು ಹೇಳುವಾಗ ಎರಡು ಬೇರೆ ಅಂಗಾಂಶಗಳ ಲೆಕ್ಕ ಹೇಳುತ್ತಿರುತ್ತೇವೆ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಸೂಕ್ಷ್ಮದರ್ಶಕ ನೋಡುವ ಭರದಲ್ಲಿ ಇದು ಮರೆತೇ ಹೋಗುತ್ತದೆ.

ಬಿಳಿ ಕಣಕ್ಕೆ ಬಟಾಟಿ. ಕೆರೆದ ತಿರುಳಿಗೆ ಅಯೋಡಿನ್ ಬಿಟ್ಟರೆ ಪಿಷ್ಟದ ಕಣಗಳು ನೀಲಿ ಕಪ್ಪಾಗುತ್ತವೆ. ಇದರ ಜೊತೆ ಕಾಯಿ ಬಾಳೆ ಮತ್ತು ಪೂರ್ತಿ ಹಣ್ಣಾದ ಬಾಳೆ ಎರಡನ್ನೂ ಹೋಲಿಸಿ ನೋಡಿ. ಪಿಷ್ಟ ಸಕ್ಕರೆಯಾಗಿರುವುದು ನಾಲಿಗೆಗೆ ಮೊದಲೇ ಗೊತ್ತು, ಈಗ ಕಣ್ಣಿಗೂ ಗೊತ್ತಾಗುತ್ತದೆ.

ಎಲೆಯ ಬಾಯಿ

ಎಲೆಯ ಸಿಪ್ಪೆ ಕೀಳುವುದು ಎಲ್ಲ ಗಿಡದಲ್ಲೂ ಆಗುವುದಿಲ್ಲ. ಸುಲಭದ ದಾರಿ ಬಣ್ಣವಿಲ್ಲದ ಉಗುರು ಪಾಲಿಶ್. ಸವಣೂರಿನ ವೀಳ್ಯದೆಲೆ ಇರಲಿ, ಹಿತ್ತಲಿನ ದಾಸವಾಳ ಇರಲಿ, ಎಲೆಯ ಕೆಳಮೈಗೆ ತೆಳ್ಳಗೆ ಬಳಿಯಿರಿ. ಪೂರ್ತಿ ಒಣಗಲಿ. ಅದರ ಮೇಲೆ ಸೆಲ್ಲೋ ಟೇಪ್ ಅಂಟಿಸಿ ಎಳೆದರೆ ಎಲೆಯ ಮೈಯ ಅಚ್ಚು ಟೇಪಿಗೆ ಬರುತ್ತದೆ. ಅದನ್ನು ಹಾಗೇ ಸ್ಲೈಡಿಗೆ ಅಂಟಿಸಿ.

ಅಲ್ಲಲ್ಲಿ ಎರಡು ಅವರೆಕಾಳು ಎದುರುಬದುರು ಇಟ್ಟ ಹಾಗೆ ಜೋಡಿ ಕೋಶಗಳು, ನಡುವೆ ಸೀಳು. ಸೀಳು ಪತ್ರರಂಧ್ರ, ಜೋಡಿ ಕಾವಲು ಕೋಶಗಳು. ಕಾವಲು ಕೋಶಕ್ಕೆ ನೀರು ತುಂಬಿದರೆ ಅದು ಬಾಗಿ ರಂಧ್ರ ತೆರೆಯುತ್ತದೆ, ನೀರು ಇಳಿದರೆ ಮುಚ್ಚುತ್ತದೆ. ಈಗ ಜೋಳದ ಎಲೆಯ ಅಚ್ಚು ತೆಗೆಯಿರಿ. ಅಲ್ಲಿನ ಕಾವಲು ಕೋಶ ಡಂಬೆಲ್ ಆಕಾರ, ಸಾಲುಸಾಲಾಗಿ ಶಿಸ್ತಿನಿಂದ ಕೂತಿರುತ್ತವೆ. ಹುಲ್ಲಿನ ಜಾತಿಗೆಲ್ಲ ಇದೇ ಗುರುತು. ಮೇಲ್ಮೈ ಅಚ್ಚನ್ನೂ ತೆಗೆದು ಎರಡರಲ್ಲೂ ರಂಧ್ರ ಎಣಿಸಿ. ವೀಳ್ಯದೆಲೆಗೂ ಜೋಳಕ್ಕೂ ಎಷ್ಟು ಫರಕು ಎಂದು ಬರೆದಿಡಿ.

ದಂಟು ಕೊಯ್ಯುವ ಕೈಚಳಕ

ಗಿಡದ ಅಂಗಾಂಶಗಳು ಒಂದೇ ಕಡೆ ಸಿಗುವುದು ದಂಟಿನಲ್ಲಿ. ಕಷ್ಟ ಇರುವುದು ತೆಳ್ಳಗೆ ಕೊಯ್ಯುವುದರಲ್ಲಿ. ಗಜ್ಜರಿಯನ್ನು ಉದ್ದಕ್ಕೆ ಸೀಳಿ, ಸೀಳಿನಲ್ಲಿ ಎಳೆ ದಂಟನ್ನು ಸಿಕ್ಕಿಸಿ ಹಿಡಿದುಕೊಳ್ಳಿ. ಬ್ಲೇಡು ಮತ್ತು ದಂಟು ಎರಡೂ ಒದ್ದೆ ಇರಲಿ. ಬ್ಲೇಡನ್ನು ಒತ್ತದೆ ಅಡ್ಡಕ್ಕೆ ಒಂದೇ ಎಳೆತಕ್ಕೆ ಎಳೆಯಿರಿ. ಇಪ್ಪತ್ತು ಮೂವತ್ತು ಚೂರು ಕೊಯ್ದು ತಟ್ಟೆಯ ನೀರಿಗೆ ಬಿಡಿ. ಅದರಲ್ಲಿ ಕಾಣುತ್ತದೋ ಇಲ್ಲವೋ ಎನ್ನುವಷ್ಟು ತೆಳುವಾದ ಒಂದನ್ನು ಕುಂಚದಿಂದ ಎತ್ತಿಕೊಳ್ಳಿ. ಪೂರ್ತಿ ವೃತ್ತ ಬರಬೇಕೆಂದು ಹಟ ಬೇಡ, ತೆಳ್ಳಗಿನ ಅರ್ಧ ಚೂರು ದಪ್ಪನೆಯ ಪೂರ್ತಿ ಚೂರಿಗಿಂತ ಎಷ್ಟೋ ಮೇಲು. ಒಂದೆರಡು ನಿಮಿಷ ಸಫ್ರಾನಿನ್‌ನಲ್ಲಿಟ್ಟು ನೀರಿನಲ್ಲಿ ತೊಳೆದು ನೋಡಿ. ಸಣ್ಣ ಮಕ್ಕಳ ಕೈಗೆ ಬ್ಲೇಡು ಕೊಡಬೇಡಿ, ಇದು ದೊಡ್ಡವರ ಕೆಲಸ.

ಜೋಳದ ಹಸಿ ದಂಟನ್ನು ಬರಿಗಣ್ಣಿನಿಂದಲೇ ನೋಡಿದರೂ ತಿರುಳಿನ ತುಂಬ ಚುಕ್ಕೆಗಳು ಚದುರಿರುತ್ತವೆ. ಒಂದೊಂದು ಚುಕ್ಕೆಯೂ ಒಂದು ನಾಳಗಳ ಕಟ್ಟು. ಸೂರ್ಯಕಾಂತಿಯ ಎಳೆ ದಂಟಿನಲ್ಲಿ ಅದೇ ಕಟ್ಟುಗಳು ಬಳೆಯ ಹಾಗೆ ವೃತ್ತದಲ್ಲಿ ನಿಂತಿರುತ್ತವೆ. ಜೋಳ ಏಕದಳ, ಸೂರ್ಯಕಾಂತಿ ದ್ವಿದಳ. ಕಟ್ಟಿನೊಳಗೆ ದೊಡ್ಡ ಬಾಯಿಯ, ಕೆಂಪು ಬಣ್ಣ ಹಿಡಿದ ಕೊಳವೆಗಳು ಕ್ಸೈಲಂ. ಬೇರಿನ ನೀರು ಮೇಲೇರುವುದು ಇಲ್ಲೇ, ಮತ್ತು ಈ ಕೊಳವೆಗಳು ಸತ್ತ ಕೋಶಗಳು. ಪಕ್ಕದ ಸಣ್ಣ ಕೋಶಗಳು ಫ್ಲೋಯಂ, ಎಲೆಯಲ್ಲಿ ತಯಾರಾದ ಸಕ್ಕರೆ ಇಳಿಯುವ ದಾರಿ. ಇವು ಜೀವಂತ. ಕರ್ಣಕುಂಡಲದ ದಂಟನ್ನು ಕೊಯ್ದು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ಒಂದೆರಡು ತಾಸು ನಿಲ್ಲಿಸಿದರೆ ಕೆಂಪು ಗೆರೆಗಳು ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಆಮೇಲೆ ಅಡ್ಡ ಕೊಯ್ದರೆ ಕ್ಸೈಲಂ ಮಾತ್ರ ಕೆಂಪು.

ಫ್ಲೋಯಂ ಇರುವುದು ಮರದ ತೊಗಟೆಯ ಒಳಭಾಗದಲ್ಲಿ. ಎತ್ತು ಕಟ್ಟಿದ ಹಗ್ಗ ತಿಕ್ಕಿ ತಿಕ್ಕಿ ಬೇವಿನ ಮರದ ತೊಗಟೆ ಸುತ್ತಲೂ ಕಿತ್ತುಹೋದರೆ ಮರ ಕೂಡಲೇ ಒಣಗುವುದಿಲ್ಲ, ನಿಧಾನವಾಗಿ ಸೊರಗುತ್ತದೆ. ನೀರು ಮೇಲೇರುತ್ತಲೇ ಇರುತ್ತದೆ, ಬೇರಿಗೆ ಊಟ ಇಳಿಯುವುದು ನಿಂತಿರುತ್ತದೆ. ಹೊಲದ ಬದುವಿನ ಮರಕ್ಕೆ ದನ ಕಟ್ಟುವವರು ಗೋಣಿಚೀಲ ಸುತ್ತಿ ಕಟ್ಟುವುದು ಒಳ್ಳೆಯದು.

ಉಳಿದ ಅಂಗಾಂಶಗಳ ಹೆಸರು ಕೇಳಿದರೆ ಮಕ್ಕಳಿಗೆ ಬೇಜಾರು: ಪೇರಂಕೈಮಾ, ಕೋಲಂಕೈಮಾ, ಸ್ಕ್ಲೀರಂಕೈಮಾ. ಪ್ರಾಸದ ಹಾಗಿರುವ ಈ ಮೂರನ್ನು ಬಾಯಿಪಾಠ ಮಾಡಿಸುವ ಬದಲು ಮೂರು ವಸ್ತು ಕೈಗೆ ಕೊಡಿ. ಜೋಳದ ದಂಟಿನ ಮೆತ್ತನೆಯ ತಿರುಳು ಮೊದಲನೆಯದು. ತೆಳು ಗೋಡೆ, ದೊಡ್ಡ ಕೋಶ, ತುಂಬಿಡುವ ಕೆಲಸ. ಪುದೀನದ ದಂಟು ಚೌಕಾಕಾರ ಇರುತ್ತದೆ, ಅದರ ನಾಲ್ಕು ಮೂಲೆಯಲ್ಲಿ ಗೋಡೆ ದಪ್ಪಗಾದ ಜೀವಂತ ಕೋಶಗಳಿವೆ. ಅದು ಎರಡನೆಯದು. ದಂಟು ಬಾಗುತ್ತದೆ, ಮುರಿಯುವುದಿಲ್ಲ.

ಮೂರನೆಯದು ಪುಂಡಿ. ಎಲೆ ಪಲ್ಯಕ್ಕೆ ಹೋಗುತ್ತದೆ, ಬಲಿತ ಕಾಂಡದ ತೊಗಟೆಯಿಂದ ನಾರು ತೆಗೆದು ಹಗ್ಗ ಹೊಸೆಯುತ್ತಾರೆ. ಕಾಂಡವನ್ನು ಒಂದೆರಡು ವಾರ ನೀರಿನಲ್ಲಿ ನೆನೆಹಾಕಿದರೆ ಬ್ಯಾಕ್ಟೀರಿಯಾ ಕೋಶಗಳ ನಡುವಿನ ಅಂಟನ್ನು ತಿಂದುಹಾಕುತ್ತವೆ. ಮೆತ್ತನೆಯದೆಲ್ಲ ಕೊಳೆತು ಹೋಗಿ ದಪ್ಪ ಗೋಡೆಯ ನಾರಿನ ಕೋಶಗಳು ಉಳಿಯುತ್ತವೆ. ನೆನೆದ ನೀರಿನ ವಾಸನೆ ಮೂಗು ಮುಚ್ಚುವಂತೆ ಇರುತ್ತದೆ, ಮನೆಯಿಂದ ದೂರ ಇಡಿ. ಇದೇ ಗುಂಪಿನ ಇನ್ನೊಂದು ರೂಪ ಪೇರಲ ಹಣ್ಣಿನಲ್ಲಿದೆ. ತಿನ್ನುವಾಗ ಹಲ್ಲಿಗೆ ಮರಳಿನ ಹಾಗೆ ಸಿಗುತ್ತದಲ್ವಾ? ಬೀಜವಲ್ಲ, ತಿರುಳಿನಲ್ಲೇ ಇರುವ ಕರಕರ. ಆ ಜಾಗದಿಂದ ಚಿಟಿಕೆ ತಿರುಳು ತೆಗೆದು ಸ್ಲೈಡಿನ ಮೇಲೆ ಅಮುಕಿ ಸಫ್ರಾನಿನ್ ಹಾಕಿ. ಗುಂಪುಗುಂಪಾಗಿ ಕಲ್ಲುಕೋಶಗಳು. ಗೋಡೆ ಎಷ್ಟು ದಪ್ಪ ಎಂದರೆ ಒಳಗೆ ಜಾಗವೇ ಇಲ್ಲ, ಗೋಡೆಯನ್ನು ಕೊರೆದ ಸಣ್ಣ ಕಾಲುವೆಗಳು ಮಾತ್ರ ಕಾಣುತ್ತವೆ.

ಒಂದೇ ಕೋಶದ ಎಳೆ

ನಮ್ಮ ಎರೆಭೂಮಿಯ ಮುಖ್ಯ ಬೆಳೆ ಹತ್ತಿ. ಜಯಧರ್ ತಳಿ ಹಿರಿಯ ರೈತರಿಗೆ ಗೊತ್ತು. ವರಲಕ್ಷ್ಮಿ ಎಂಬ ಸಂಕರಣ ತಳಿ 1972ರಲ್ಲಿ ಹೊರಬಂದದ್ದು ಧಾರವಾಡದಲ್ಲೇ. ಆಮೇಲೆ ಬಂದ ಡಿಸಿಎಚ್-32 ಉದ್ದ ಎಳೆಗೆ ಹೆಸರಾಯಿತು. ಆದರೆ ಎಳೆ ಎಂದರೆ ಏನು ಎಂದು ಕೇಳಿದರೆ ಹತ್ತಿ ಬೆಳೆದವರೂ ಅಚ್ಚರಿಪಡುತ್ತಾರೆ. ಹತ್ತಿಬೀಜದ ಸಿಪ್ಪೆಯ ಹೊರಪದರದ ಒಂದೇ ಒಂದು ಕೋಶ ಉದ್ದಕ್ಕೆ ಬೆಳೆದು ಎಳೆಯಾಗುತ್ತದೆ. ಒಂದು ಎಳೆ, ಒಂದು ಕೋಶ. ಎರಡು ಮೂರು ಸೆಂಟಿಮೀಟರ್ ಉದ್ದ, ಅಗಲ ನೋಡಿದರೆ ಇಪ್ಪತ್ತು ಮೈಕ್ರಾನ್ ಆಸುಪಾಸು. ಜೀವಕೋಶ ಎಂದರೆ ಕಣ್ಣಿಗೆ ಕಾಣದ್ದು ಎಂಬ ಮಾತನ್ನು ಇಲ್ಲಿಗೆ ಬಿಟ್ಟುಬಿಡಿ.

ಹೂ ಅರಳುವ ಹೊತ್ತಿಗೆ ಈ ಕೋಶಗಳು ಉದ್ದವಾಗಲು ಶುರು ಮಾಡುತ್ತವೆ. ಉದ್ದ ಬೆಳೆದ ಮೇಲೆ ಒಳಗಿನಿಂದ ಗೋಡೆಗೆ ಸೆಲ್ಯುಲೋಸ್ ಪದರ ಪದರವಾಗಿ ಸೇರುತ್ತದೆ. ಕಾಯಿ ಒಡೆದು ಗಾಳಿ ತಾಗಿದಾಗ ಕೋಶ ಒಣಗಿ, ಟೊಳ್ಳು ಕುಸಿದು, ಚಪ್ಪಟೆ ಪಟ್ಟಿಯಂತಾಗಿ ತಿರುಚಿಕೊಳ್ಳುತ್ತದೆ. ಈ ತಿರುಚಿನಿಂದಾಗಿಯೇ ಎಳೆಗಳು ಒಂದಕ್ಕೊಂದು ಹಿಡಿದುಕೊಂಡು ನೂಲಾಗುತ್ತವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜಕ್ಕೆ ಹೊಲಿಯುವ ಖಾದಿ ಬಟ್ಟೆಯೂ ಇಂಥ ಒಣ ಕೋಶಗಳದ್ದೇ.

ನೋಡುವುದು ತೀರಾ ಸುಲಭ. ಅರಳೆಯಿಂದ ನಾಲ್ಕೈದು ಎಳೆ ಬಿಡಿಸಿ ನೀರಿನ ಹನಿಯಲ್ಲಿಟ್ಟು ಮುಚ್ಚಿ. ಪಕ್ಕದ ಸ್ಲೈಡಿನಲ್ಲಿ ಪಾಲಿಯೆಸ್ಟರ್ ಸೀರೆಯ ಒಂದು ದಾರ ಬಿಚ್ಚಿ ಇಡಿ. ಹತ್ತಿ ತಿರುಚಿದ ಪಟ್ಟಿ, ಪಾಲಿಯೆಸ್ಟರ್ ನುಣ್ಣನೆಯ ಕಡ್ಡಿ. ಅಂಗಡಿಯವರು ಪಕ್ಕಾ ಕಾಟನ್ ಎಂದು ಕೊಟ್ಟ ಬಟ್ಟೆಯ ದಾರವನ್ನೂ ಒಮ್ಮೆ ನೋಡಿ, ತಮಾಷೆ ಇರುತ್ತದೆ.

ಪ್ರಾಣಿಗಳ ಕಡೆ

ಹತ್ತಿರದ ಪ್ರಾಣಿ ನೀವೇ. ಬಾಯಿ ಮುಕ್ಕಳಿಸಿ, ಹೊಸ ಐಸ್‌ಕ್ರೀಮ್ ಕಡ್ಡಿಯ ಮೊಂಡು ತುದಿಯಿಂದ ಕೆನ್ನೆಯ ಒಳಬದಿಯನ್ನು ಹಗುರವಾಗಿ ಸವರಿ, ಸ್ಲೈಡಿಗೆ ಬಳಿಯಿರಿ. ಒಂದು ಹನಿ ಮೆಥಿಲೀನ್ ಬ್ಲೂ. ಗೋಡೆ ಇಲ್ಲದ, ಅಂಚು ಮಡಚಿದ, ಚಪ್ಪಟೆ ಕೋಶಗಳು, ನಡುವೆ ಕಡುನೀಲಿ ನ್ಯೂಕ್ಲಿಯಸ್. ಇದು ಅನುಲೇಪಕ ಅಂಗಾಂಶ, ಅಂದರೆ ಮೈಯ ಒಳಹೊರಗಿನ ಹೊದಿಕೆ. ಬಿಸಿ ರೊಟ್ಟಿ, ಖಾರದ ಚಟ್ನಿ ಎಲ್ಲ ತಾಗಿ ಮೇಲಿನ ಕೋಶಗಳು ಉದುರುತ್ತಲೇ ಇರುತ್ತವೆ, ಕೆಳಗಿನಿಂದ ಹೊಸವು ಬರುತ್ತಿರುತ್ತವೆ. ಅದಕ್ಕೇ ಇಷ್ಟು ಸುಲಭವಾಗಿ ಕಡ್ಡಿಗೆ ಬಂದವು. ಒಬ್ಬರ ಕಡ್ಡಿ ಇನ್ನೊಬ್ಬರು ಮುಟ್ಟಬಾರದು. ರಕ್ತ ನೋಡಬೇಕೆಂದು ಬೆರಳು ಚುಚ್ಚಿಕೊಳ್ಳುವುದಂತೂ ಬೇಡವೇ ಬೇಡ. ಅದಕ್ಕೆ ಶಾಲೆಯಲ್ಲಿರುವ ಸಿದ್ಧ ಸ್ಲೈಡು ಇದೆ. ಮನುಷ್ಯನ ರಕ್ತದ ಸ್ಲೈಡಿನ ಪಕ್ಕ ಕಪ್ಪೆಯ ರಕ್ತದ ಸ್ಲೈಡು ಸಿಕ್ಕರೆ ಎರಡನ್ನೂ ನೋಡಿ. ಕಪ್ಪೆಯ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇದೆ.

ಮಾಂಸ ಮುಟ್ಟದ ಮನೆಯವರು ಇಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಸಿದ್ಧ ಸ್ಲೈಡಿನಲ್ಲೇ ನೋಡಬಹುದು. ಏನೂ ನಷ್ಟವಿಲ್ಲ. ಉಳಿದವರು ಮಟನ್ ಅಂಗಡಿಗೆ ಹೋಗಿ "ಕಾಕಾ, ಸಾಲಿ ಪ್ರಯೋಗಕ್ಕ ಸ್ವಲ್ಪ ಚೂರು ಬೇಕ್ರಿ" ಎಂದರೆ ಬೇಕಾದ್ದು ಸಿಗುತ್ತದೆ. ಕೈಗೆ ಗ್ಲೌಸ್ ಇರಲಿ.

ಒಂದು ಚೂರು ಮಾಂಸವನ್ನು ನೀರಿನಲ್ಲಿ ಬೇಯಿಸಿ, ಅದರಿಂದ ಕೂದಲಿನಷ್ಟು ತೆಳ್ಳಗಿನ ಎಳೆ ತೆಗೆದು, ಎರಡು ಸೂಜಿಯಿಂದ ಇನ್ನೂ ಬಿಡಿಸಿ. ಬೇಯಿಸಿದ್ದು ಹಸಿಯದಕ್ಕಿಂತ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಮೆಥಿಲೀನ್ ಬ್ಲೂ ಹಾಕಿ 400 ಪಟ್ಟಿನಲ್ಲಿ, ಬೆಳಕಿನ ಕಿಂಡಿಯನ್ನು ಸಣ್ಣದು ಮಾಡಿ ನೋಡಿ. ಬೆಳಕು ಜಾಸ್ತಿ ಇದ್ದರೆ ಏನೂ ಕಾಣುವುದಿಲ್ಲ. ಎಳೆಗೆ ಅಡ್ಡವಾಗಿ ಸಣ್ಣ ಪಟ್ಟೆಗಳು ಕಾಣಬೇಕು. ಇದು ನಾವು ಬೇಕೆಂದಾಗ ಆಡಿಸುವ ಸ್ನಾಯು. ಒಂದು ಎಳೆ ಎಂದರೆ ಒಂದು ಕೋಶ, ಅದರಲ್ಲಿ ಹಲವು ನ್ಯೂಕ್ಲಿಯಸ್. ಬೋಟಿಯ ಗೋಡೆಯ ಸ್ನಾಯುವಿನಲ್ಲಿ ಈ ಪಟ್ಟೆ ಇಲ್ಲ. ಕರುಳು ನಮ್ಮ ಮಾತು ಕೇಳಿ ಕೆಲಸ ಮಾಡುವುದಿಲ್ಲವಲ್ಲ. ಹೃದಯದ ಸ್ನಾಯುವಿನಲ್ಲಿ ಪಟ್ಟೆಯೂ ಇದೆ, ಕವಲೂ ಇದೆ, ಆದರೆ ಅದೂ ನಮ್ಮ ಮಾತು ಕೇಳುವುದಿಲ್ಲ.

ಸ್ನಾಯುವನ್ನು ಎಲುಬಿಗೆ ಕಟ್ಟುವ ಬಿಳಿ ಹುರಿ, ಕೋಳಿಯ ಎದೆಯೆಲುಬಿನ ತುದಿಯ ಮೃದ್ವಸ್ಥಿ, ಕೊಬ್ಬು, ಎಲುಬು, ರಕ್ತ ಇವೆಲ್ಲ ಸಂಯೋಜಕ ಅಂಗಾಂಶ ಎಂಬ ಒಂದೇ ಮನೆತನ. ರಕ್ತ ಮತ್ತು ಎಲುಬು ಒಂದೇ ಗುಂಪು ಹೇಗೆ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ಎರಡರಲ್ಲೂ ಕೋಶಗಳು ಒಂದಕ್ಕೊಂದು ಅಂಟಿಲ್ಲ, ನಡುವೆ ಬೇರೆ ವಸ್ತು ಇದೆ. ರಕ್ತದಲ್ಲಿ ಅದು ದ್ರವ, ಎಲುಬಿನಲ್ಲಿ ಗಟ್ಟಿ. ಮೃದ್ವಸ್ಥಿಯನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದರೆ ಇದು ಚೆನ್ನಾಗಿ ಕಾಣುತ್ತದೆ. ಖಾಲಿ ಮೈದಾನದಂಥ ವಸ್ತುವಿನ ನಡುವೆ ಅಲ್ಲಲ್ಲಿ ಗೂಡು, ಗೂಡಿನೊಳಗೆ ಕೋಶ. ಎಲುಬಿಗೆ ಸೂಕ್ಷ್ಮದರ್ಶಕ ಬೇಡ. ಕೋಳಿಯ ಸಪೂರ ಎಲುಬೊಂದನ್ನು ಚೊಕ್ಕ ಮಾಡಿ ವಿನೆಗರ್‌ನಲ್ಲಿ ಮುಳುಗಿಸಿಡಿ, ನಡುವೆ ಒಮ್ಮೆ ವಿನೆಗರ್ ಬದಲಿಸಿ. ಕೆಲವು ದಿನದಲ್ಲಿ ಅದು ರಬ್ಬರಿನಂತೆ ಬಾಗುತ್ತದೆ. ಕ್ಯಾಲ್ಸಿಯಂ ಲವಣ ಕರಗಿಹೋಗಿ ಕೊಲಾಜನ್ ನಾರು ಉಳಿದಿದೆ. ನರಕೋಶಕ್ಕೆ ಮಾತ್ರ ಸಿದ್ಧ ಸ್ಲೈಡೇ ಸರಿ, ಮನೆಯಲ್ಲಿ ಮಾಡಿದರೆ ಬಹಳ ಸಲ ನೀಲಿ ಕಲೆ ಬಿಟ್ಟು ಬೇರೆ ಏನೂ ಸಿಗುವುದಿಲ್ಲ.

ಬೇರಿನ ತುದಿ

ಇದನ್ನು ಶಾಲೆಯ ಲ್ಯಾಬಿನಲ್ಲಿ, ಗುರುಗಳ ಎದುರು ಮಾಡಿ, ಆಮ್ಲದ ಕೆಲಸ ಇದೆ. ಹಳೆಯ ಉಳ್ಳಾಗಡ್ಡಿಯ ಒಣ ಬೇರು ಕೆರೆದು, ಬುಡ ಮಾತ್ರ ತಾಗುವಂತೆ ನೀರಿನ ಲೋಟದ ಮೇಲೆ ಕೂಡಿಸಿ. ಬಿಳಿ ಬೇರು ಎರಡು ಸೆಂಟಿಮೀಟರ್ ಬಂದಾಗ, ಬೆಳಗಿನ ಹೊತ್ತು ತುದಿ ಕತ್ತರಿಸಿ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ರಾತ್ರಿಯಿಡೀ ಇಡಿ. ಮಾರನೇ ದಿನ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಬೆಚ್ಚಗೆ ಮಾಡಿ ತೊಳೆಯಿರಿ. ತುದಿಯ ಎರಡು ಮಿಲಿಮೀಟರ್ ಇಟ್ಟುಕೊಂಡು ಉಳಿದದ್ದು ಬಿಸಾಡಿ. ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ, ಕವರ್ ಸ್ಲಿಪ್ ಮುಚ್ಚಿ, ಮೇಲೆ ಮಡಚಿದ ಕಾಗದ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಿ. ಅತ್ತಿತ್ತ ಸರಿಸಬೇಡಿ.

ಕೋಶಗಳು ಇಲ್ಲಿ ಸಣ್ಣವು, ಚೌಕ, ನ್ಯೂಕ್ಲಿಯಸ್ ದೊಡ್ಡದು. ಹೆಚ್ಚಿನವು ಸುಮ್ಮನೆ ಇರುತ್ತವೆ. ಕೆಲವು ಕೋಶಗಳಲ್ಲಿ ನ್ಯೂಕ್ಲಿಯಸ್ ಇದ್ದ ಜಾಗದಲ್ಲಿ ಕೆಂಪು ದಾರದ ತುಂಡುಗಳು ಕಾಣುತ್ತವೆ. ಅವು ಕ್ರೋಮೋಸೋಮುಗಳು, ಉಳ್ಳಾಗಡ್ಡಿಯಲ್ಲಿ 16. ನಡುವಿಗೆ ಸಾಲಾಗಿ ಬಂದಿದ್ದರೆ ಮೆಟಾಫೇಸ್, ಎರಡು ಗುಂಪಾಗಿ ಎರಡು ತುದಿಗೆ ಎಳೆದುಕೊಂಡು ಹೋಗುತ್ತಿದ್ದರೆ ಅನಾಫೇಸ್. ಹೀಗೆ ಒಡೆದು ಎರಡಾಗುತ್ತಲೇ ಇರುವ ಕೋಶಗಳ ಗುಂಪು ವರ್ಧನ ಅಂಗಾಂಶ. ಹಾವೇರಿ ಕಡೆಯ ರೈತರು ನಾಟಿ ಮಾಡುವ ಟಿಶ್ಯೂ ಬಾಳೆ ಸಸಿ ಬರುವುದೂ ಇಂಥ ತುದಿಯ ಅಂಗಾಂಶದಿಂದಲೇ. ಬೇರಿನದಲ್ಲ, ಚಿಗುರಿನದು.

ಎಷ್ಟು ತಿರುಗಿಸಿದರೂ ಕಾಣದ ಭಾಗಗಳೂ ಇವೆ. ರೈಬೋಸೋಮ್, ಗಾಲ್ಗಿ ಕಾಯದ ಪದರಗಳು, ಮೈಟೋಕಾಂಡ್ರಿಯದ ಒಳಗಿನ ಮಡಿಕೆ, ಇವಕ್ಕೆಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಕಾಣದ್ದನ್ನು ಚಿತ್ರದಲ್ಲಿ ಸೇರಿಸಬೇಡಿ. ಪ್ರಯೋಗದ ಪುಸ್ತಕದಲ್ಲಿ ಎರಡು ಮೂರು ಕೋಶ ದೊಡ್ಡದಾಗಿ ಬಿಡಿಸಿ, ಎಷ್ಟು ಪಟ್ಟು ಎಂದು ಬರೆಯಿರಿ. ಈಗ ಮೊದಲು ಮುಚ್ಚಿಟ್ಟ ಪುಸ್ತಕ ತೆಗೆದು ಹೆಸರು ಹಾಕಿಕೊಳ್ಳಿ.

ಕೆಲಸ ಮುಗಿದ ಮೇಲೆ ಕೆನ್ನೆಯ ಕೋಶದ ಸ್ಲೈಡನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟು ತೊಳೆಯಿರಿ. ಮಸೂರಕ್ಕೆ ಅಂಗಿಯ ತುದಿ ತಾಗಿಸಬೇಡಿ, ಎರೆಮಣ್ಣಿನ ಧೂಳು ಗೀರು ಹಾಕುತ್ತದೆ. ಮಳೆಗಾಲದಲ್ಲಿ ಸೂಕ್ಷ್ಮದರ್ಶಕದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪುಡಿಕೆ ಇಡಿ, ಇಲ್ಲದಿದ್ದರೆ ಮಸೂರಕ್ಕೆ ಬೂಸ್ಟು ಹಿಡಿಯುತ್ತದೆ. ಬಳಸಿದ ಬ್ಲೇಡುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ ಟೇಪ್ ಹಚ್ಚಿ ಹಾಕಿ. ಬೆಳಿಗ್ಗೆ ಕಸದ ಗಾಡಿಯವರು ಆ ಚೀಲಕ್ಕೆ ಕೈ ಹಾಕುತ್ತಾರೆ.